ಲೋಹ ಕಾಯಿಸುವ ಇಂಡಕ್ಷನ್ ಹೀಟರ್‌ನ ಸ್ವಯಂ ತಯಾರಿಕೆ: ಸಿರುಗುಪ್ಪ ತಾಲ್ಲೂಕಿನ ಕುಲುಮೆ ಹಾಗೂ ದುರಸ್ತಿ ಅಂಗಡಿಗಳವರಿಗೆ ಮಾಹಿತಿ

ಬಳ್ಳಾರಿ ಜಿಲ್ಲೆಯ ಸಿರುಗುಪ್ಪ ತಾಲ್ಲೂಕು ತುಂಗಭದ್ರಾ ಅಚ್ಚುಕಟ್ಟಿನ ಭತ್ತದ ಸೀಮೆಯಾಗಿದ್ದು, ಇಲ್ಲಿನ ಕಮ್ಮಾರಿಕೆಯು ಬೇಸಾಯದೊಡನೆಯೇ ಬದಲಾಗುತ್ತ ಬಂದಿದೆ. ನೇಗಿಲಿನ ಗುಳ, ಕುಂಟೆಯ ಕುಡ, ಕುಡುಗೋಲು, ಬಂಡಿಗಾಲಿಯ ಪಟ್ಟಿ ಇವೇ ಕುಲುಮೆಯ ಮುಖ್ಯ ಕೆಲಸವಾಗಿದ್ದ ಕಾಲ ಹೋಗಿ, ಈಗ ಟ್ರ್ಯಾಕ್ಟರ್, ಕೇಜ್ ವೀಲ್, ರೋಟವೇಟರ್ ಮತ್ತು ಭತ್ತ ಕೊಯ್ಯುವ ಯಂತ್ರಗಳ ದುರಸ್ತಿಯೇ ಹೆಚ್ಚಾಗಿದೆ. ಕೆಸರಿನಲ್ಲಿ ಓಡಾಡಿದ ಯಂತ್ರದ ನಟ್ಟು ತುಕ್ಕು ಹಿಡಿದು ಕಚ್ಚಿಕೊಂಡರೆ ಅದನ್ನು ಬಿಡಿಸುವುದೇ ಅರ್ಧ ದಿನದ ಕೆಲಸ. ಒಳ್ಳೆಯ ಇದ್ದಿಲು ಸಿಗುವುದು ಕಷ್ಟ. ತಿದಿ ಒತ್ತಲು ಕೈಯಾಳು ಸಿಗುವುದು ಇನ್ನೂ ಕಷ್ಟ. ಈ ಕಾರಣಗಳಿಂದ ಬೆಂಕಿಯಿಲ್ಲದೆ ಕಬ್ಬಿಣವನ್ನು ಕೆಂಪಗೆ ಕಾಯಿಸುವ ಇಂಡಕ್ಷನ್ ಹೀಟರನ್ನು ಬಿಡಿಭಾಗ ತರಿಸಿ ತಾವೇ ಜೋಡಿಸಿಕೊಳ್ಳುವ ಆಸಕ್ತಿ ಕುಶಲಕರ್ಮಿಗಳಲ್ಲಿ ಕಂಡುಬರುತ್ತದೆ.

ಇಂತಹ ಹೀಟರ್ ಯಾವ ಕೆಲಸಕ್ಕೆ ಆಗುತ್ತದೆ, ಯಾವುದಕ್ಕೆ ಆಗುವುದಿಲ್ಲ, ಜೋಡಿಸುವಾಗ ಪ್ರಾಣಾಪಾಯ ಎಲ್ಲಿದೆ ಹಾಗೂ ಅದನ್ನು ಕಸುಬಿಗೆ ಬಳಸುವ ಮೊದಲು ಯಾವ ಅರ್ಜಿಗಳನ್ನು ಸಲ್ಲಿಸಬೇಕು ಎಂಬ ವಿವರಗಳನ್ನು ಸಾರ್ವಜನಿಕರ ತಿಳಿವಳಿಕೆಗಾಗಿ ಇಲ್ಲಿ ನೀಡಲಾಗಿದೆ.

ಕಾರ್ಯತತ್ವ

ಬದಲಾಗುತ್ತಿರುವ ಕಾಂತಕ್ಷೇತ್ರವು ಸಮೀಪದ ಲೋಹದಲ್ಲಿ ವಿದ್ಯುತ್ ಪ್ರವಾಹವನ್ನು ಹುಟ್ಟಿಸುತ್ತದೆ ಎಂಬುದನ್ನು ಮೈಕೇಲ್ ಫ್ಯಾರಡೆ 1831ರಲ್ಲಿ ತೋರಿಸಿಕೊಟ್ಟರು. ಇಂಡಕ್ಷನ್ ಹೀಟರ್ ಇದೇ ತತ್ವದ ಮೇಲೆ ಕೆಲಸ ಮಾಡುತ್ತದೆ. ತಾಮ್ರದ ಸುರುಳಿಯಲ್ಲಿ ಸೆಕೆಂಡಿಗೆ ಸಾವಿರಾರು ಬಾರಿ ದಿಕ್ಕು ಬದಲಿಸುವ ಪ್ರವಾಹವನ್ನು ಹರಿಸಿ, ಸುರುಳಿಯ ನಡುವೆ ಕಬ್ಬಿಣದ ತುಂಡನ್ನು ಇಟ್ಟರೆ, ಆ ತುಂಡಿನೊಳಗೆ ಸುಳಿ ಪ್ರವಾಹಗಳು ಹುಟ್ಟಿ ಕಬ್ಬಿಣವು ತಾನಾಗಿಯೇ ಕಾಯುತ್ತದೆ. ಸುರುಳಿಗೂ ತುಂಡಿಗೂ ಸ್ಪರ್ಶವಿರಬೇಕಾಗಿಲ್ಲ, ಇರಲೂಬಾರದು. ಬಳ್ಳಾರಿ ಸುತ್ತಲಿನ ಸ್ಪಂಜ್ ಕಬ್ಬಿಣ ಆಧಾರಿತ ಉಕ್ಕಿನ ಘಟಕಗಳಲ್ಲಿ ಟನ್‌ಗಟ್ಟಲೆ ಲೋಹ ಕರಗಿಸುವ ಇಂಡಕ್ಷನ್ ಕುಲುಮೆಗಳಿಗೂ, ಅಡುಗೆಮನೆಯ ಇಂಡಕ್ಷನ್ ಒಲೆಗೂ ತತ್ವ ಒಂದೇ. ವ್ಯತ್ಯಾಸವಿರುವುದು ಶಕ್ತಿಯ ಪ್ರಮಾಣದಲ್ಲಿ ಮತ್ತು ಆವರ್ತನದಲ್ಲಿ.

ಇಲ್ಲಿ ಕಮ್ಮಾರರು ಗಮನಿಸಬೇಕಾದ ಅಂಶವೊಂದಿದೆ. ಇದ್ದಿಲ ಕುಲುಮೆಯಲ್ಲಿ ತುಂಡು ನಿಧಾನವಾಗಿ ಕಾಯುವುದರಿಂದ ಮೇಲಿನ ಬಣ್ಣ ನೋಡಿ ಒಳಗಿನ ಕಾವನ್ನು ಅಂದಾಜು ಮಾಡಬಹುದು. ಇಂಡಕ್ಷನ್ ಸುರುಳಿಯಲ್ಲಿ ಹಾಗಲ್ಲ. 100 ಕಿಲೋಹರ್ಟ್ಸ್ ಆವರ್ತನದಲ್ಲಿ ತಣ್ಣಗಿರುವ ಕಬ್ಬಿಣದೊಳಗೆ ಪ್ರವಾಹವು ಮಿಲಿಮೀಟರಿನ ಹತ್ತನೆಯ ಒಂದು ಭಾಗದಷ್ಟೂ ಇಳಿಯುವುದಿಲ್ಲ. ಕೆಂಪಗಾದ ಮೇಲೂ ಒಂದೂವರೆ ಮಿಲಿಮೀಟರಿನ ಆಸುಪಾಸು ಮಾತ್ರ. ಒಳಭಾಗಕ್ಕೆ ಶಾಖವು ಮೇಲಿನ ಪದರದಿಂದ ಹರಿದೇ ಸೇರಬೇಕು. ಆದ್ದರಿಂದ ದಪ್ಪ ತುಂಡೊಂದು ಹೊರಗೆ ಕಿತ್ತಳೆ ಬಣ್ಣಕ್ಕೆ ಬಂದಿದ್ದರೂ ಒಳಗೆ ಕರಿದಾಗಿಯೇ ಇರಬಹುದು. ಅದನ್ನು ಆತುರದಿಂದ ಅಡಿಗಲ್ಲಿನ ಮೇಲಿಟ್ಟು ಬಡಿದರೆ ಬಿರುಕು ಬಿಡುತ್ತದೆ. ಸ್ವಲ್ಪ ಕಾಯಿಸಿ, ಸ್ವಲ್ಪ ತಡೆದು, ಮತ್ತೆ ಕಾಯಿಸುವ ಅಭ್ಯಾಸ ಇಲ್ಲಿ ಅಗತ್ಯ.

ಎರಡನೆಯದಾಗಿ, ಸುಮಾರು 770 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕಬ್ಬಿಣವು ತನ್ನ ಕಾಂತಗುಣವನ್ನು ಕಳೆದುಕೊಳ್ಳುತ್ತದೆ. ಇದಕ್ಕೆ ಕ್ಯೂರಿ ತಾಪವೆಂದು ಹೆಸರು. ಅಲ್ಲಿಯವರೆಗೆ ಭರದಿಂದ ಏರಿದ ಕಾವು ಅಲ್ಲಿಂದಾಚೆಗೆ ಮಂದವಾಗುತ್ತದೆ. ಹೀಟರ್ ಕೆಟ್ಟಿತೆಂದು ಕೆಲವರು ಈ ಹಂತದಲ್ಲಿ ವೋಲ್ಟೇಜ್ ಏರಿಸಲು ಹೋಗಿ ಭಾಗಗಳನ್ನು ಸುಟ್ಟುಕೊಳ್ಳುತ್ತಾರೆ. ಇದೇ ಗುಣವು ಹದ ಹಾಕುವವರಿಗೆ ಅನುಕೂಲವೂ ಹೌದು: ಇಂಗಾಲಯುಕ್ತ ಉಕ್ಕಿನ ಅಲಗು ಅಯಸ್ಕಾಂತಕ್ಕೆ ಅಂಟದಷ್ಟು ಕಾದು, ಅದಕ್ಕಿಂತ ತುಸು ಮೇಲೇರಿದಾಗ ಅದ್ದುವುದು ಸರಿಯಾದ ಹೊತ್ತು. ಕಣ್ಣಂದಾಜಿನ ಬಣ್ಣಕ್ಕಿಂತ, ಅದರಲ್ಲೂ ಹಗಲು ಬೆಳಕಿನಲ್ಲಿ, ಈ ಪರೀಕ್ಷೆ ಹೆಚ್ಚು ನಂಬಲರ್ಹವಾದುದು.

ತಾಮ್ರ, ಹಿತ್ತಾಳೆ ಮತ್ತು ಅಲ್ಯೂಮಿನಿಯಂ ಇಂತಹ ಸಣ್ಣ ಹೀಟರ್‌ಗಳಲ್ಲಿ ಸರಿಯಾಗಿ ಕಾಯುವುದಿಲ್ಲ.

ಸಣ್ಣ ಹೀಟರ್‌ನ ರಚನೆ

ಮನೆಯಲ್ಲಿ ಜೋಡಿಸುವ ಹೀಟರ್‌ಗಳಲ್ಲಿ ಹೆಚ್ಚಾಗಿ ಬಳಕೆಯಲ್ಲಿರುವುದು 12ರಿಂದ 48 ವೋಲ್ಟ್ ನೇರ ವಿದ್ಯುತ್ತಿನಲ್ಲಿ ನಡೆಯುವ, ಎರಡು ಮಾಸ್‌ಫೆಟ್‌ಗಳು ಸರದಿಯಂತೆ ತೆರೆದು ಮುಚ್ಚುವ ಮಂಡಲ. ಇದರಲ್ಲಿ ಆವರ್ತನವನ್ನು ನಿರ್ಧರಿಸುವುದು ಸುರುಳಿ ಮತ್ತು ಅದಕ್ಕೆ ಸಮಾಂತರವಾಗಿ ಜೋಡಿಸಿದ ಕೆಪಾಸಿಟರ್‌ಗಳ ಅನುರಣನ. ಉದಾಹರಣೆಗೆ, 0.33 ಮೈಕ್ರೋಫ್ಯಾರಡ್‌ನ 6 ಪಾಲಿಪ್ರೊಪಿಲೀನ್ ಕೆಪಾಸಿಟರ್‌ಗಳನ್ನು ಸಮಾಂತರವಾಗಿ ಸೇರಿಸಿ, ಸುಮಾರು 1 ಮೈಕ್ರೋಹೆನ್ರಿಯ ಸುರುಳಿಯನ್ನು ಜೋಡಿಸಿದಲ್ಲಿ ಆವರ್ತನವು 110 ಕಿಲೋಹರ್ಟ್ಸ್ ಸಮೀಪದಲ್ಲಿರುತ್ತದೆ. ಪೂರೈಕೆಯ ತಂತಿಗಳಲ್ಲಿ ಎರಡು ಚೋಕ್‌ಗಳು, ಮಾಸ್‌ಫೆಟ್‌ಗಳ ಗೇಟಿಗೆ 12 ವೋಲ್ಟಿನ ಜೀನರ್ ಡಯೋಡ್‌ಗಳು, ಎರಡೂ ಬದಿಯನ್ನು ಅಡ್ಡಲಾಗಿ ಕೂಡಿಸುವ ವೇಗದ ಡಯೋಡ್‌ಗಳು, ದೊಡ್ಡ ಶಾಖ ಹೀರುವ ಫಲಕ ಹಾಗೂ ಫ್ಯಾನು ಇರುತ್ತವೆ.

ಈ ಮಂಡಲವು ನೋಡಲು ಸರಳವಾಗಿದ್ದರೂ ಅದರೊಳಗಿನ ಅಂಕಿಗಳು ಸಣ್ಣವಲ್ಲ. ಪೂರೈಕೆ 48 ವೋಲ್ಟ್ ಆಗಿದ್ದರೂ ಸುರುಳಿಯ ತುದಿಗಳ ನಡುವಿನ ಗರಿಷ್ಠ ವೋಲ್ಟೇಜ್ ಅದರ ಮೂರು ಪಟ್ಟಿಗಿಂತ ಹೆಚ್ಚು, ಅಂದರೆ ಸುಮಾರು 150 ವೋಲ್ಟ್ ಆಗುತ್ತದೆ. ಪೂರೈಕೆಯಿಂದ ಎಳೆಯುವ ಪ್ರವಾಹ 20 ಆಂಪಿಯರ್ ಇದ್ದರೆ, ಸುರುಳಿ ಹಾಗೂ ಕೆಪಾಸಿಟರ್‌ಗಳ ನಡುವೆ ಸುತ್ತುವ ಪ್ರವಾಹದ ಗರಿಷ್ಠ ಬೆಲೆ 200 ಆಂಪಿಯರ್ ಮುಟ್ಟುತ್ತದೆ. ಈ ಕಾರಣಕ್ಕಾಗಿಯೇ ಮಾಸ್‌ಫೆಟ್‌ಗಳು ಕನಿಷ್ಠ 200 ವೋಲ್ಟ್ ತಡೆಯುವಂತಹವು ಆಗಿರಬೇಕು. ಫ್ಯಾನಿನ ಅಥವಾ ಮೋಟಾರಿನ ಹಳೆಯ ಕೆಪಾಸಿಟರನ್ನು ಇಲ್ಲಿ ಬಳಸಿದಲ್ಲಿ ಅದು ಕೆಲವೇ ನಿಮಿಷಗಳಲ್ಲಿ ಕಾದು ಉಬ್ಬಿ ಸಿಡಿಯಬಹುದು.

ಸುರುಳಿಯನ್ನು 6 ಮಿಲಿಮೀಟರ್ ಹೊರವ್ಯಾಸದ ತಾಮ್ರದ ಕೊಳವೆಯಿಂದ ಸುತ್ತಿ ಅದರೊಳಗೆ ನೀರು ಹರಿಸುವುದು ವಾಡಿಕೆ. ಕೊಳವೆ ಸುತ್ತುವಾಗ ಚಪ್ಪಟೆಯಾಗದಂತೆ ಮೊದಲು ಒಣ ಉಸುಕು ತುಂಬಿ, ಸುತ್ತಿದ ನಂತರ ಪೂರ್ತಿಯಾಗಿ ತೊಳೆದು ತೆಗೆಯಬೇಕು. ಕೊಳವೆಬಾವಿಯ ಗಡಸು ನೀರನ್ನು ಬಳಸಿದಲ್ಲಿ ಒಳಗೆ ಸುಣ್ಣ ಕಟ್ಟಿ ಕೆಲವೇ ವಾರಗಳಲ್ಲಿ ಹರಿವು ಕುಗ್ಗುತ್ತದೆ. ಬ್ಯಾಟರಿಗೆ ಹಾಕುವ ಶುದ್ಧ ನೀರನ್ನು ಒಂದು ಬಕೆಟ್ಟಿನಲ್ಲಿಟ್ಟು ಸಣ್ಣ ಪಂಪಿನಿಂದ ಸುತ್ತಿಸುವುದು ಲೇಸು. ಬಳ್ಳಾರಿಯ ಬೇಸಿಗೆಯಲ್ಲಿ ಹೊರಗಿನ ತಾಪವೇ 40 ಡಿಗ್ರಿ ದಾಟುವುದರಿಂದ ಬಕೆಟ್ಟಿನ ನೀರು ಬೇಗ ಬಿಸಿಯಾಗುತ್ತದೆ. ಕೈಯಿಟ್ಟರೆ ತಡೆಯಲಾಗದಷ್ಟು ಬಿಸಿಯಾದಾಗ ಕೆಲಸ ನಿಲ್ಲಿಸತಕ್ಕದ್ದು. ಸುರುಳಿಯ ಸುತ್ತುಗಳು ಒಂದಕ್ಕೊಂದು ತಾಗದಂತೆ ಗಾಜುನಾರಿನ ಕವಚ ತೊಡಿಸುವುದು ಅವಶ್ಯ.

ಇವೆಲ್ಲ ಸರಿಯಿದ್ದರೂ ಗ್ರಾಮೀಣ ಭಾಗದಲ್ಲಿ ಹೀಟರ್‌ಗಳು ಕೆಡುವುದಕ್ಕೆ ಬೇರೊಂದು ಕಾರಣವಿದೆ. ಈ ಮಂಡಲಕ್ಕೆ ಪೂರ್ಣ ವೋಲ್ಟೇಜ್ ಒಮ್ಮೆಲೇ ಸಿಗಬೇಕು. ವೋಲ್ಟೇಜ್ ನಿಧಾನವಾಗಿ ಏರಿದರೆ ಅಥವಾ ನಡುವೆ ಕುಸಿದರೆ ಆಂದೋಲನ ನಿಂತು, ಎರಡೂ ಮಾಸ್‌ಫೆಟ್‌ಗಳು ಏಕಕಾಲಕ್ಕೆ ತೆರೆದುಕೊಂಡು ಕ್ಷಣಮಾತ್ರದಲ್ಲಿ ಸುಟ್ಟುಹೋಗುತ್ತವೆ. ಆದುದರಿಂದ ಮೊದಲು ವಿದ್ಯುತ್ ಪೂರೈಕೆ ಪೆಟ್ಟಿಗೆಯನ್ನು ಚಾಲೂ ಮಾಡಿ, ಅದು ಸ್ಥಿರವಾದ ನಂತರ ರಿಲೇ ಅಥವಾ ಕಾಂಟ್ಯಾಕ್ಟರ್ ಮೂಲಕ ಮಂಡಲಕ್ಕೆ ಸಂಪರ್ಕ ಕೊಟ್ಟು, ಕೊನೆಯಲ್ಲಿ ಕಬ್ಬಿಣವನ್ನು ಸುರುಳಿಯೊಳಗೆ ತರಬೇಕು. ನಿಲ್ಲಿಸುವಾಗ ಈ ಕ್ರಮ ತಿರುಗುಮುರುಗು. ವೋಲ್ಟೇಜ್ ಏರಿಳಿತವಿರುವ ಹೊತ್ತಿನಲ್ಲಿ ಹೀಟರ್ ನಡೆಸದಿರುವುದು ಒಳಿತು. ಸಾಧ್ಯವಾದಲ್ಲಿ, ವೋಲ್ಟೇಜ್ ಕುಸಿದೊಡನೆ ಸಂಪರ್ಕ ಕಡಿಯುವ ರಿಲೇಯೊಂದನ್ನು ಅಳವಡಿಸಬೇಕು.

ಎಷ್ಟು ಕಬ್ಬಿಣಕ್ಕೆ ಎಷ್ಟು ವಿದ್ಯುತ್

48 ವೋಲ್ಟ್, 20 ಆಂಪಿಯರ್ ಎಂದರೆ ಒಂದು ಕಿಲೋವ್ಯಾಟಿಗೆ ತುಸು ಕಡಿಮೆ. ಅದರಲ್ಲಿ ಅರ್ಧದಷ್ಟು ತುಂಡಿಗೆ ತಲುಪಿದರೆ ಹೆಚ್ಚು. ಒಂದು ಕಿಲೋ ಕಬ್ಬಿಣವನ್ನು 900 ಡಿಗ್ರಿಯವರೆಗೆ ಕಾಯಿಸಲು ಸುಮಾರು 600 ಕಿಲೋಜೂಲ್ ಶಾಖ ಬೇಕು. ಹೆಬ್ಬೆರಳಿಗಿಂತ ತೆಳುವಾದ, 10 ಮಿಲಿಮೀಟರ್ ದಪ್ಪದ ಗೇಣಿನ ಅರ್ಧದಷ್ಟು ಉದ್ದದ ಸರಳು 60 ಗ್ರಾಂ ಆಸುಪಾಸು ತೂಗುತ್ತದೆ; ಅದು ಎರಡು ಮೂರು ನಿಮಿಷಗಳಲ್ಲಿ ಕೆಂಪಗಾಗುತ್ತದೆ. ಉಳಿ, ಚಾಣ, ಸಣ್ಣ ಕೊಂಡಿ, ಕಚ್ಚಿಕೊಂಡ ನಟ್ಟು ಇವುಗಳಿಗೆ ಈ ಹೀಟರ್ ಬಹಳ ಉಪಯುಕ್ತ. ಡೀಸೆಲ್ ಟ್ಯಾಂಕು, ರಬ್ಬರ್ ಕೊಳವೆಗಳ ಹತ್ತಿರ ಗ್ಯಾಸ್ ಜ್ವಾಲೆ ಹಿಡಿಯಲಾಗದ ಕಡೆ ನಟ್ಟಿನ ಸುತ್ತ ಸುರುಳಿ ಹಿಡಿದು ಕಾಯಿಸಿದರೆ ನಟ್ಟು ಹಿಗ್ಗಿ ಸಡಿಲವಾಗುತ್ತದೆ. ಹಾಗೆಂದು ಡೀಸೆಲ್ ಸೋರುತ್ತಿರುವಲ್ಲಿ ಇದೂ ಸಲ್ಲದು. ಕೆಂಪಗಾದ ನಟ್ಟು ಬೆಂಕಿಗೇನೂ ಕಡಿಮೆಯಲ್ಲ.

ಎರಡು ಕಿಲೋ ತೂಕದ ಗುಳದ ವಿಷಯ ಬೇರೆ. ಒಂದು ಕಿಲೋವ್ಯಾಟಿನ ಹೀಟರ್ ಅದಕ್ಕೆ ಕೊಡುವ ಶಾಖಕ್ಕಿಂತ, ಮಂದ ಕೆಂಪಿಗೆ ಬರುವ ಮೊದಲೇ ಅದರ ಅಗಲವಾದ ಮೈಯಿಂದ ಹೊರಹೋಗುವ ಶಾಖ ಹೆಚ್ಚು. ಆದ್ದರಿಂದ ಎಷ್ಟು ಹೊತ್ತು ಕಾದರೂ ಗುಳ ಬಡಿಯುವ ಹದಕ್ಕೆ ಬಾರದು. ಇಂತಹ ಕೆಲಸಕ್ಕೆ ಹತ್ತು ಕಿಲೋವ್ಯಾಟ್ ಮೇಲ್ಪಟ್ಟ, ಮೂರು ಫೇಸ್ ಸಂಪರ್ಕದ ಕಾರ್ಖಾನೆ ನಿರ್ಮಿತ ಯಂತ್ರ ಬೇಕಾಗುತ್ತದೆ. ಕುಲುಮೆಯನ್ನು ಪೂರ್ತಿ ಕೈಬಿಟ್ಟು ಮನೆಯಲ್ಲಿ ಮಾಡಿದ ಹೀಟರನ್ನೇ ನೆಚ್ಚಿ ಹಣ ಹಾಕುವವರು ಈ ಲೆಕ್ಕವನ್ನು ಮೊದಲೇ ನೋಡತಕ್ಕದ್ದು.

ಅಕ್ಕಿ ಗಿರಣಿಗಳಲ್ಲಿ ಬೇರಿಂಗ್ ಕೂರಿಸುವ ಕೆಲಸಕ್ಕೂ ಇದನ್ನು ಬಳಸಬಾರದು. ಬೇರಿಂಗನ್ನು ಸುಮಾರು 110 ಡಿಗ್ರಿಗೆ ಸಮನಾಗಿ ಕಾಯಿಸಬೇಕೇ ಹೊರತು 120 ದಾಟಿಸುವಂತಿಲ್ಲ. ಅಧಿಕ ಆವರ್ತನದ ಸುರುಳಿಯು ಹೊರಮೈಯನ್ನು ಮಾತ್ರ ಅತಿಯಾಗಿ ಕಾಯಿಸಿ ಬೇರಿಂಗಿನ ಹದವನ್ನೇ ಕೆಡಿಸುತ್ತದೆ. ಈ ಕೆಲಸಕ್ಕಾಗಿ ಕಬ್ಬಿಣದ ತಿರುಳುಳ್ಳ, 50 ಹರ್ಟ್ಸ್‌ನಲ್ಲಿ ನಡೆಯುವ, ಕೊನೆಗೆ ಉಳಿದ ಕಾಂತಗುಣವನ್ನು ತೆಗೆಯುವ ಪ್ರತ್ಯೇಕ ಬೇರಿಂಗ್ ಹೀಟರ್‌ಗಳು ದೊರೆಯುತ್ತವೆ. ರೋಟವೇಟರ್ ಅಲಗುಗಳೂ ಹದ ಹಾಕಿದ ಉಕ್ಕಿನವು. ಕಾಯಿಸಿ ನೆಟ್ಟಗೆ ಮಾಡಿದ ಅಲಗು ಮತ್ತೆ ಹದ ಹಾಕದಿದ್ದಲ್ಲಿ ಒಂದೇ ಹಂಗಾಮಿನಲ್ಲಿ ಸವೆಯುತ್ತದೆ.

ಪ್ರಾಣಾಪಾಯದ ಸಂದರ್ಭಗಳು

230 ವೋಲ್ಟಿನ ಮನೆ ವಿದ್ಯುತ್ತನ್ನು ಡಯೋಡ್ ಸೇತುವೆಯ ಮೂಲಕ ನೇರವಾಗಿ ಹೀಟರ್ ಮಂಡಲಕ್ಕೆ ಕೊಡುವ ನಕ್ಷೆಗಳು ಪ್ರಚಾರದಲ್ಲಿವೆ. ಹೀಗೆ ಮಾಡಿದಾಗ ಮಂಡಲದಲ್ಲಿ 325 ವೋಲ್ಟ್ ನೇರ ವಿದ್ಯುತ್ ಇರುತ್ತದೆ ಮತ್ತು ತಾಮ್ರದ ಸುರುಳಿ, ಅದರೊಳಗಿನ ನೀರು, ಕೈಯಲ್ಲಿನ ಇಕ್ಕಳ ಎಲ್ಲವೂ ಲೈನಿನೊಡನೆ ಸೇರಿಕೊಳ್ಳುವ ಸಂಭವವಿರುತ್ತದೆ. ಬರಿಗಾಲಿನಲ್ಲಿ, ಒದ್ದೆ ನೆಲದ ಮೇಲೆ ನಿಂತು ಕೆಲಸ ಮಾಡುವ ಕುಲುಮೆಯಲ್ಲಿ ಇದು ಸಾವಿಗೆ ಆಹ್ವಾನ. ಅಡುಗೆಯ ಇಂಡಕ್ಷನ್ ಒಲೆಯನ್ನು ಬಿಚ್ಚಿ ಅದರ ಫಲಕಕ್ಕೆ ಬೇರೆ ಸುರುಳಿ ಜೋಡಿಸುವುದೂ ಇಷ್ಟೇ ಅಪಾಯಕಾರಿ. ಆ ಫಲಕವು ಲೈನಿನಿಂದ ಪ್ರತ್ಯೇಕಗೊಂಡಿರುವುದಿಲ್ಲ. ಪ್ಲಗ್ ತೆಗೆದ ನಂತರವೂ ಅದರ ಕೆಪಾಸಿಟರ್‌ನಲ್ಲಿ ವಿದ್ಯುತ್ ಉಳಿದಿರುತ್ತದೆ.

ಸ್ವಯಂ ತಯಾರಿಕೆಯ ಹೀಟರ್‌ಗೆ ಲೈನಿನಿಂದ ಪ್ರತ್ಯೇಕಗೊಂಡ, 48 ವೋಲ್ಟ್ ಮೀರದ ಪೂರೈಕೆ ಪೆಟ್ಟಿಗೆಯನ್ನೇ ಬಳಸತಕ್ಕದ್ದು. ಪೆಟ್ಟಿಗೆಯ ಲೋಹದ ಕವಚಕ್ಕೆ ಭೂಸಂಪರ್ಕ ಕಡ್ಡಾಯ. ಲೈನಿನ ಬದಿಯಲ್ಲಿ ತಕ್ಕ ಎಂ.ಸಿ.ಬಿ. ಹಾಗೂ 30 ಮಿಲಿಆಂಪಿಯರ್‌ನ ಆರ್.ಸಿ.ಸಿ.ಬಿ. ಇರಬೇಕು. ಆರ್.ಸಿ.ಸಿ.ಬಿ. ಇದೆಯೆಂಬ ಧೈರ್ಯದಿಂದ ನಡೆಯುತ್ತಿರುವ ಸುರುಳಿಯನ್ನು ಮುಟ್ಟಬಾರದು. ಪ್ರತ್ಯೇಕಗೊಂಡ ಬದಿಯಲ್ಲಿ ಅದು ರಕ್ಷಣೆ ನೀಡುವುದಿಲ್ಲ. ಮೇಲೆ ಹೇಳಿದ 150 ವೋಲ್ಟ್ ಇರುವುದು ಅಲ್ಲಿಯೇ.

ಕೆಲಸಕ್ಕೆ ಮುನ್ನ ಉಂಗುರ, ಕಡಗ, ಬಳೆ, ಕೈಗಡಿಯಾರಗಳನ್ನು ತೆಗೆದಿಡಬೇಕು. ಬೆರಳಿನ ಉಂಗುರವೂ ಲೋಹವೇ. ಸುರುಳಿಯ ಸಮೀಪ ಅದೂ ಕಾಯುತ್ತದೆ. ಪೇಸ್‌ಮೇಕರ್ ಅಳವಡಿಸಿಕೊಂಡವರು ಹೀಟರ್ ನಡೆಯುವ ಸ್ಥಳದಿಂದ ದೂರವಿರಬೇಕು. ಸತು ಲೇಪಿಸಿದ ಜಿ.ಐ. ಕೊಳವೆಗಳನ್ನು ಕಾಯಿಸಿದರೆ ಬರುವ ಬಿಳಿ ಹೊಗೆಯಿಂದ ಕೆಲವು ಗಂಟೆಗಳ ನಂತರ ಚಳಿಜ್ವರ ಬರುವುದುಂಟು. ಎರಡೂ ತುದಿ ಮುಚ್ಚಿದ ಕೊಳವೆ ಅಥವಾ ವಾಹನಗಳ ಶಾಕ್ ಅಬ್ಸಾರ್ಬರ್‌ಗಳನ್ನು ಸುರುಳಿಯೊಳಗೆ ಇಡಲೇಬಾರದು. ಒಳಗಿನ ಗಾಳಿ, ಎಣ್ಣೆ ಹಿಗ್ಗಿ ಸಿಡಿಯುತ್ತವೆ. ಬೆಂಕಿ ಕಾಣದಿರುವುದರಿಂದ ಮಕ್ಕಳಿಗೆ ಅಪಾಯದ ಅರಿವಾಗುವುದಿಲ್ಲ ಎಂಬುದನ್ನು ವಿಶೇಷವಾಗಿ ಗಮನಿಸಬೇಕು. ಬಣ್ಣ ಆರಿ ಕಪ್ಪಾದ ಕಬ್ಬಿಣವೂ 400 ಡಿಗ್ರಿ ಇರಬಹುದು.

ವಿದ್ಯುತ್ ಸಂಪರ್ಕದ ಬಗ್ಗೆ

ಸಿರುಗುಪ್ಪ, ಕುರುಗೋಡು ಸೇರಿದಂತೆ ಬಳ್ಳಾರಿ ಜಿಲ್ಲೆಯು ಗುಲ್ಬರ್ಗಾ ವಿದ್ಯುತ್ ಸರಬರಾಜು ಕಂಪನಿಯ (ಜೆಸ್ಕಾಂ) ವ್ಯಾಪ್ತಿಗೆ ಒಳಪಟ್ಟಿದೆ. ಕಲಿಕೆಗಾಗಿ ಅಪರೂಪಕ್ಕೊಮ್ಮೆ ಹೀಟರ್ ನಡೆಸಿ ನೋಡುವುದು ಬೇರೆ. ಕೂಲಿ ಪಡೆದು ದಿನವೂ ಕೆಲಸ ಮಾಡುವುದು ಬೇರೆ. ಎರಡನೆಯದು ವೃತ್ತಿ. ಗೃಹಬಳಕೆಯ ಮೀಟರಿನಿಂದ ವೃತ್ತಿ ನಡೆಸುವುದು, ಮಂಜೂರಾದ ಉದ್ದೇಶಕ್ಕೆ ಹೊರತಾದ ಬಳಕೆಯಾಗಿ, ವಿದ್ಯುಚ್ಛಕ್ತಿ ಅಧಿನಿಯಮ, 2003ರ ಪ್ರಕರಣ 126ರ ಅಡಿಯಲ್ಲಿ ಅನಧಿಕೃತ ಬಳಕೆ ಎನಿಸುತ್ತದೆ. ಅಂತಹ ಬಳಕೆಗೆ ಅನ್ವಯವಾಗುವ ದರದ ಎರಡು ಪಟ್ಟು ವಿಧಿಸಲಾಗುತ್ತದೆ. ಎಂದಿನಿಂದ ಬಳಸಲಾಗಿದೆ ಎಂಬುದು ತಿಳಿಯದಿದ್ದಲ್ಲಿ ಪರಿಶೀಲನೆಯ ದಿನದಿಂದ ಹಿಂದಿನ 12 ತಿಂಗಳ ಅವಧಿಗೆ ಲೆಕ್ಕ ಹಾಕಲಾಗುತ್ತದೆ. ಸಣ್ಣ ಅಂಗಡಿಯವರಿಗೆ ಈ ಮೊತ್ತವು ಹೀಟರಿನ ಬೆಲೆಯನ್ನೂ ಮೀರಬಹುದು.

ಗೃಹ ಜ್ಯೋತಿ ಯೋಜನೆಯ ಫಲಾನುಭವಿಗಳು ಇನ್ನೂ ಎಚ್ಚರದಿಂದಿರಬೇಕು. 2023ರ ಜುಲೈ 1ರಿಂದ ಜಾರಿಗೆ ಬಂದ ಈ ಯೋಜನೆಯು ಗೃಹಬಳಕೆಗೆ ಮಾತ್ರ ಅನ್ವಯಿಸುತ್ತದೆ. ತಿಂಗಳಿಗೆ 90 ಯೂನಿಟ್ ಬಳಸುವ ಮನೆಯಲ್ಲಿ ಒಂದು ಕಿಲೋವ್ಯಾಟಿನ ಹೀಟರನ್ನು ದಿನಕ್ಕೆ 4 ಗಂಟೆ ನಡೆಸಿದರೆ ಮತ್ತೆ 120 ಯೂನಿಟ್ ಸೇರಿ ಒಟ್ಟು 210 ಆಗುತ್ತದೆ. 200 ಯೂನಿಟ್ ದಾಟಿದ ತಿಂಗಳಿನಲ್ಲಿ ಪೂರ್ಣ ಬಿಲ್ಲನ್ನು ಪಾವತಿಸಬೇಕಾಗುತ್ತದೆ. ಅನಧಿಕೃತ ಬಳಕೆಯ ಪ್ರಶ್ನೆ ಅದರ ಮೇಲೆ ಪ್ರತ್ಯೇಕ. ಉಚಿತ ವಿದ್ಯುತ್ ಪಡೆಯುವ ನೀರಾವರಿ ಪಂಪ್‌ಸೆಟ್ ಸಂಪರ್ಕದಿಂದ ಹೀಟರ್ ನಡೆಸುವುದೂ ಇದೇ ಪ್ರಕರಣದ ವ್ಯಾಪ್ತಿಗೆ ಬರುತ್ತದೆ. ಕಂಬದ ತಂತಿಗೆ ನೇರವಾಗಿ ಕೊಕ್ಕೆ ಹಾಕುವುದು ಪ್ರಕರಣ 135ರಂತೆ ಕಳವು.

ಆದ್ದರಿಂದ ಕಸುಬಿಗಾಗಿ ಬಳಸುವವರು ಅಂಗಡಿಗೆ ಪ್ರತ್ಯೇಕ ಸಂಪರ್ಕ ಕೋರಿ ಜೆಸ್ಕಾಂನ ಸ್ಥಳೀಯ ಉಪವಿಭಾಗಕ್ಕೆ ಅರ್ಜಿ ಸಲ್ಲಿಸತಕ್ಕದ್ದು. ಗುರುತಿನ ದಾಖಲೆ, ಸ್ಥಳದ ಮಾಲೀಕತ್ವದ ದಾಖಲೆ ಅಥವಾ ಬಾಡಿಗೆ ಕರಾರು ಹಾಗೂ ಮಾಲೀಕರ ಒಪ್ಪಿಗೆ, ಪರವಾನಗಿ ಹೊಂದಿದ ವಿದ್ಯುತ್ ಗುತ್ತಿಗೆದಾರರಿಂದ ವೈರಿಂಗ್ ಪೂರ್ಣಗೊಂಡ ವರದಿ ಇವು ಮುಖ್ಯವಾಗಿ ಬೇಕಾಗುವ ದಾಖಲೆಗಳು. ಅರ್ಜಿಯಲ್ಲಿ ಹೊರೆಯನ್ನು ನಮೂದಿಸುವಾಗ ಹೀಟರ್ ಒಂದನ್ನೇ ಅಲ್ಲದೆ ಗ್ರೈಂಡರ್, ವೆಲ್ಡಿಂಗ್ ಯಂತ್ರ, ನೀರಿನ ಪಂಪು, ದೀಪಗಳನ್ನೂ ಕೂಡಿಸಬೇಕು. ಕಡಿಮೆ ಹೊರೆ ತೋರಿಸಿದರೆ ಠೇವಣಿ ಉಳಿಯುತ್ತದೆಂಬ ಲೆಕ್ಕ ಮೊದಲ ಪರಿಶೀಲನೆಯಲ್ಲಿಯೇ ತಲೆಕೆಳಗಾಗುತ್ತದೆ. ಅಂಗಡಿಯ ವೈರಿಂಗ್ ಕೆಲಸವನ್ನು ಪರವಾನಗಿ ಪಡೆದ ಗುತ್ತಿಗೆದಾರರ ಮೂಲಕವೇ ಮಾಡಿಸಬೇಕೆಂದು ಕೇಂದ್ರ ವಿದ್ಯುತ್ ಪ್ರಾಧಿಕಾರದ 2023ರ ಸುರಕ್ಷತಾ ವಿನಿಯಮಗಳು ತಿಳಿಸುತ್ತವೆ. ಹೀಟರನ್ನು ತಾವೇ ಜೋಡಿಸಿದವರಿಗೂ ಇದರಿಂದ ವಿನಾಯಿತಿ ಇಲ್ಲ.

ಪಿಎಂ ವಿಶ್ವಕರ್ಮ ಯೋಜನೆ

ಕೇಂದ್ರ ಸರ್ಕಾರವು 2023ರ ಸೆಪ್ಟೆಂಬರ್ 17ರಂದು ಆರಂಭಿಸಿದ ಪಿಎಂ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ಕಮ್ಮಾರಿಕೆಯೂ, ಸುತ್ತಿಗೆ ಮತ್ತು ಕೈ ಉಪಕರಣ ತಯಾರಿಕೆಯೂ ಸೇರಿವೆ. ಅರ್ಜಿದಾರರು 18 ವರ್ಷ ತುಂಬಿದವರಾಗಿದ್ದು, ಕೈ ಮತ್ತು ಉಪಕರಣಗಳಿಂದ ಕೆಲಸ ಮಾಡುವ ಸ್ವಯಂ ಉದ್ಯೋಗಿಗಳಾಗಿರಬೇಕು. ಕುಟುಂಬದಲ್ಲಿ ಒಬ್ಬರಿಗೆ ಮಾತ್ರ ಅವಕಾಶ. ಸರ್ಕಾರಿ ನೌಕರರು ಮತ್ತು ಅವರ ಕುಟುಂಬದವರು ಅರ್ಹರಲ್ಲ. ನೋಂದಣಿಯನ್ನು ಆಧಾರ್ ಸಹಿತ ಸಾಮಾನ್ಯ ಸೇವಾ ಕೇಂದ್ರಗಳಲ್ಲಿ ಮಾಡಲಾಗುತ್ತದೆ. ನಂತರ ಗ್ರಾಮ ಪಂಚಾಯಿತಿ ಅಥವಾ ನಗರ ಸ್ಥಳೀಯ ಸಂಸ್ಥೆ, ಜಿಲ್ಲಾ ಸಮಿತಿ ಹಾಗೂ ಪರಿಶೀಲನಾ ಸಮಿತಿ ಹೀಗೆ ಮೂರು ಹಂತಗಳಲ್ಲಿ ಅರ್ಜಿಯ ಪರಿಶೀಲನೆ ನಡೆಯುತ್ತದೆ.

ಆಯ್ಕೆಯಾದವರಿಗೆ ಮೂಲ ತರಬೇತಿಯ ಅವಧಿಯಲ್ಲಿ ದಿನಕ್ಕೆ 500 ರೂಪಾಯಿ ಭತ್ಯೆ, ಉಪಕರಣಗಳಿಗಾಗಿ 15,000 ರೂಪಾಯಿವರೆಗಿನ ಪ್ರೋತ್ಸಾಹಧನ ಹಾಗೂ ಶೇ. 5ರ ಬಡ್ಡಿಯಲ್ಲಿ ಆಧಾರರಹಿತ ಸಾಲ ದೊರೆಯುತ್ತದೆ. ಸಾಲವು ಮೊದಲ ಕಂತಿನಲ್ಲಿ 1 ಲಕ್ಷ ರೂಪಾಯಿವರೆಗೆ, ಮರುಪಾವತಿ 18 ತಿಂಗಳು. ಎರಡನೆಯ ಕಂತಿನಲ್ಲಿ 2 ಲಕ್ಷ ರೂಪಾಯಿವರೆಗೆ, ಮರುಪಾವತಿ 30 ತಿಂಗಳು. ಗುಳ, ಕೊಡಲಿಗಳಂತಹ ಭಾರಿ ಕೆಲಸಕ್ಕೆ ಕಾರ್ಖಾನೆ ನಿರ್ಮಿತ ಯಂತ್ರ ಕೊಳ್ಳುವ ಯೋಚನೆಯುಳ್ಳವರು ಸಾಲಕ್ಕೆ ಮುನ್ನವೇ ಜೆಸ್ಕಾಂ ಉಪವಿಭಾಗದಲ್ಲಿ ಮೂರು ಫೇಸ್ ಸಂಪರ್ಕದ ಲಭ್ಯತೆಯನ್ನು ವಿಚಾರಿಸಿಕೊಳ್ಳಬೇಕು. ಯಂತ್ರ ಬಂದು ಸಂಪರ್ಕ ಬಾರದೆ ಕಂತು ಕಟ್ಟುವ ಸ್ಥಿತಿ ಯಾರಿಗೂ ಬೇಡ.

ಪ್ರಕರಣ 126ರ ಅಡಿಯಲ್ಲಿ ತಾತ್ಕಾಲಿಕ ನಿರ್ಧರಣೆಯ ಆದೇಶ ಬಂದವರು ಅದಕ್ಕೆ ಲಿಖಿತ ಆಕ್ಷೇಪಣೆ ಸಲ್ಲಿಸಬಹುದು. ಅಂತಿಮ ಆದೇಶದ ವಿರುದ್ಧ 30 ದಿನಗಳೊಳಗೆ, ನಿರ್ಧರಿಸಿದ ಮೊತ್ತದ ಅರ್ಧದಷ್ಟನ್ನು ಠೇವಣಿ ಇಟ್ಟು, ಪ್ರಕರಣ 127ರಂತೆ ಮೇಲ್ಮನವಿ ಸಲ್ಲಿಸಲು ಅವಕಾಶವಿದೆ. ವಿದ್ಯುತ್ ಅವಘಡ, ತಂತಿ ಹರಿದು ಬೀಳುವಿಕೆ ಹಾಗೂ ವೋಲ್ಟೇಜ್ ಏರಿಳಿತದ ದೂರುಗಳಿಗೆ 1912 ಸಂಖ್ಯೆಗೆ ಕರೆ ಮಾಡಬಹುದಾಗಿದೆ.